ಒಂದು ಚಮಚ, ಒಂದು ಮಾತ್ರೆ, ಒಂದು ರಿಜಿಸ್ಟರ್: ಸಣ್ಣ ಸಣ್ಣ ಸೇರ್ಪಡೆಗಳೇ ದೊಡ್ಡ ಹೊರೆಯಾಗುವುದು ಹೇಗೆ?

"ಬೆಳಿಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಯಲ್ಲಿ..." ಎಂದು ಶುರುವಾಗುವ ಸಂದೇಶ ನಿಮ್ಮ ಫೋನಿಗೂ ಬಂದಿರುತ್ತದೆ. ನಮ್ಮ ಮನೆಗಳ ವಾಟ್ಸ್‌ಆ್ಯಪ್ ಗ್ರೂಪ್‌ಗಳಿಗೆ ಬಂದ ಇಂಥ ಸಂದೇಶಗಳನ್ನು ನಾವು ಒಮ್ಮೆ ಒಂದು ಹಾಳೆಯಲ್ಲಿ ಪಟ್ಟಿ ಮಾಡಿದೆವು. ಎಣ್ಣೆ ಬಾಯಿಗೆ ಹಾಕಿಕೊಂಡು ಮುಕ್ಕಳಿಸುವುದು 15 ನಿಮಿಷ. ಬಿಸಿನೀರಿಗೆ ಜೇನು, ನಿಂಬೆ ಬೆರೆಸಿ ಕುಡಿಯುವುದು 5 ನಿಮಿಷ. ನೆನೆಸಿಟ್ಟ ಮೆಂತ್ಯ 5 ನಿಮಿಷ. ಜೀರಿಗೆ ಕುದಿಸಿ ಸೋಸುವುದು 10 ನಿಮಿಷ. ಬಾದಾಮಿಯ ಸಿಪ್ಪೆ ತೆಗೆದು ತಿನ್ನುವುದು 5 ನಿಮಿಷ. ಅಮೃತಬಳ್ಳಿ ಕಷಾಯ 15 ನಿಮಿಷ. ಎಳೆಬಿಸಿಲಿಗೆ ಮೈ ಒಡ್ಡುವುದು 15 ನಿಮಿಷ. ಪ್ರಾಣಾಯಾಮ 20 ನಿಮಿಷ. ಇಷ್ಟಕ್ಕೇ ಒಂದೂವರೆ ಗಂಟೆ ಆಯಿತು. ಕೊನೆಯಲ್ಲಿ 10,000 ಹೆಜ್ಜೆ ನಡಿಗೆಗೆ ಇನ್ನೊಂದು ಒಂದೂವರೆ ಗಂಟೆ.

ಒಟ್ಟು ಮೂರು ಗಂಟೆ. ಇದೆಲ್ಲ ಮುಗಿದ ಮೇಲೆ ಸ್ನಾನ, ತಿಂಡಿ, ಮಕ್ಕಳ ಡಬ್ಬಿ, ಶಾಲೆಯ ವ್ಯಾನು, ಆಫೀಸಿನ ಬಸ್ಸು. ಇನ್ನೊಂದು ತಮಾಷೆ ನೋಡಿ. ಪಟ್ಟಿಯಲ್ಲಿರುವ ಕುಡಿಯುವ, ತಿನ್ನುವ ವಸ್ತುಗಳೆಲ್ಲವನ್ನೂ "ಖಾಲಿ ಹೊಟ್ಟೆಯಲ್ಲೇ" ತೆಗೆದುಕೊಳ್ಳಬೇಕಂತೆ. ಮೊದಲನೆಯದು ಒಳಗೆ ಹೋದ ಮೇಲೆ ಎರಡನೆಯದಕ್ಕೆ ಖಾಲಿ ಹೊಟ್ಟೆ ಎಲ್ಲಿಂದ ತರುವುದು?

ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ಒಂದೂ ದೊಡ್ಡ ಕೆಲಸವಲ್ಲ. "ಐದೇ ನಿಮಿಷ ತಾನೆ", "ಒಂದೇ ಚಮಚ ತಾನೆ" ಎಂದೇ ಎಲ್ಲವೂ ಮನೆಯೊಳಗೆ ಬರುತ್ತವೆ. ಬಂದದ್ದು ಮಾತ್ರ ಹೊರಗೆ ಹೋಗುವುದಿಲ್ಲ. ಅಡುಗೆಮನೆಯಲ್ಲಿ ಹೀಗಾದರೆ ಹೆಚ್ಚೆಂದರೆ ಬಸ್ಸು ತಪ್ಪುತ್ತದೆ. ಮಾತ್ರೆಯ ಡಬ್ಬಿಯಲ್ಲಿ, ಆಸ್ಪತ್ರೆಯಲ್ಲಿ ಹೀಗಾದರೆ ಅದರ ಬೆಲೆ ಬೇರೆ. ಸೇರಿಸುವುದು ನಮಗೆ ಯಾಕೆ ಅಷ್ಟು ಸುಲಭ, ತೆಗೆಯುವುದು ಯಾಕೆ ಕಷ್ಟ, ಯಾವ ಸೇರ್ಪಡೆ ನಿಜಕ್ಕೂ ಒಳ್ಳೆಯದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ತೆಗೆಯುವ ಯೋಚನೆ ನಮಗೆ ಯಾಕೆ ಹೊಳೆಯುವುದಿಲ್ಲ?

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಈ ಪ್ರಶ್ನೆಯನ್ನು ಪರೀಕ್ಷಿಸಿ, 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಅವರ ಒಂದು ಪ್ರಯೋಗದಲ್ಲಿ ಮಕ್ಕಳು ಆಡುವ ಲೆಗೊ ಬಿಲ್ಲೆಗಳಿಂದ ಮಾಡಿದ ಪುಟ್ಟ ಕಟ್ಟಡವೊಂದಿತ್ತು. ಅದರ ಚಾವಣಿ ಒಂದು ಮೂಲೆಯಲ್ಲಿ, ಒಂದೇ ಒಂದು ಬಿಲ್ಲೆಯ ಮೇಲೆ ನಿಂತಿತ್ತು. ಮೇಲೆ ಇಟ್ಟಿಗೆ ಇಟ್ಟರೂ ಕುಸಿಯದಂತೆ ಅದನ್ನು ಗಟ್ಟಿ ಮಾಡಬೇಕು. ಗಟ್ಟಿ ಮಾಡಿದವರಿಗೆ ಒಂದು ಡಾಲರ್ ಬಹುಮಾನ. ಆದರೆ ಹೊಸದಾಗಿ ಸೇರಿಸುವ ಪ್ರತಿ ಬಿಲ್ಲೆಗೆ 10 ಸೆಂಟ್ ಕಡಿತ.

ಸುಲಭದ ದಾರಿ ಕಣ್ಣೆದುರೇ ಇತ್ತು. ಆ ಒಂಟಿ ಬಿಲ್ಲೆಯನ್ನು ಕಿತ್ತುಹಾಕಿದರೆ ಚಾವಣಿ ಕೆಳಗಿನ ಭಾಗದ ಮೇಲೆ ನೇರವಾಗಿ ಕೂರುತ್ತದೆ, ಖರ್ಚೂ ಇಲ್ಲ. ಆದರೂ ಇದು ಹೊಳೆದದ್ದು ಶೇಕಡಾ 41 ಜನರಿಗೆ ಮಾತ್ರ. ಉಳಿದವರು ದುಡ್ಡು ಕಳೆದುಕೊಂಡರೂ ಸರಿ ಎಂದು ಬಿಲ್ಲೆ ಸೇರಿಸುತ್ತಾ ಹೋದರು. ಇನ್ನೊಂದು ಗುಂಪಿಗೆ "ತೆಗೆಯುವುದಕ್ಕೆ ದುಡ್ಡಿಲ್ಲ" ಎಂದು ಒಂದು ಮಾತು ಹೆಚ್ಚಿಗೆ ಹೇಳಿದಾಗ ಬಿಲ್ಲೆ ತೆಗೆದವರ ಪ್ರಮಾಣ ಶೇಕಡಾ 61ಕ್ಕೆ ಏರಿತು.

ಇದೇ ಸಂಶೋಧಕರು ವಾಷಿಂಗ್ಟನ್ ನಗರದ ಒಂದು ದಿನದ ಪ್ರವಾಸದ ಪಟ್ಟಿ ಕೊಟ್ಟು, ಇದನ್ನು ಇನ್ನಷ್ಟು ಚೆನ್ನಾಗಿ ಮಾಡಿ ಎಂದರು. ಪಟ್ಟಿ ಆಗಲೇ ಉಸಿರಾಡಲು ಪುರುಸೊತ್ತಿಲ್ಲದಷ್ಟು ತುಂಬಿತ್ತು. ಅದರಿಂದ ಜಾಗಗಳನ್ನು ಕೈಬಿಟ್ಟವರು ನಾಲ್ವರಲ್ಲಿ ಸುಮಾರು ಒಬ್ಬರು. ಒಂದೇ ದಿನದಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು, ಶೃಂಗೇರಿ ಮುಗಿಸಿ, "ದಾರಿಯಲ್ಲೇ ಇದೆ, ಇದನ್ನೂ ನೋಡಿಬಿಡೋಣ" ಎಂದು ಇನ್ನೊಂದನ್ನು ಸೇರಿಸುವ ನಮಗೆ ಇದು ಹೊಸ ವಿಷಯವೇನಲ್ಲ.

ಈ ಜನ ದಡ್ಡರಾಗಿರಲಿಲ್ಲ. ತೆಗೆಯುವುದೂ ಒಂದು ದಾರಿ ಎಂಬುದು ಅವರ ತಲೆಗೆ ತಾನಾಗಿ ಬರಲಿಲ್ಲ, ಅಷ್ಟೇ. ಯಾರಾದರೂ ನೆನಪಿಸಿದರೆ ಬರುತ್ತದೆ. ಸೇರಿಸಿದ್ದು ಕಣ್ಣಿಗೆ ಕಾಣುತ್ತದೆ, "ಏನೋ ಮಾಡಿದೆ" ಎಂಬ ಸಮಾಧಾನ ಕೊಡುತ್ತದೆ ಎಂಬುದನ್ನೂ ಮರೆಯಬಾರದು. ತೆಗೆದದ್ದಕ್ಕೆ ಯಾರೂ ಶಹಬ್ಬಾಸ್ ಹೇಳುವುದಿಲ್ಲ. ಮೇಲಾಗಿ, ತೆಗೆದ ಮೇಲೆ ಏನಾದರೂ ಎಡವಟ್ಟಾದರೆ ಬೈಗುಳ ತೆಗೆದವರಿಗೇ.

ಒಂದು ಮಾತ್ರೆ ಐದಾದ ಕಥೆ

ನಮ್ಮಲ್ಲೊಬ್ಬರ ದೊಡ್ಡಮ್ಮನಿಗೆ ಬಿಪಿ ಇದೆ. ಅದಕ್ಕೊಂದು ಮಾತ್ರೆ ಶುರುವಾಯಿತು. ಕೆಲವು ವಾರಗಳಲ್ಲಿ ಪಾದ ಊದಿಕೊಂಡಿತು. ಊರಿನಲ್ಲಿ ಬೇರೊಬ್ಬ ಡಾಕ್ಟರಿಗೆ ತೋರಿಸಿದಾಗ ನೀರು ಇಳಿಸುವ ಮಾತ್ರೆ ಬಂತು. ಆಮೇಲೆ ರಾತ್ರಿ ಮೂರ್ನಾಲ್ಕು ಸಲ ಬಚ್ಚಲಿಗೆ ಏಳುವುದು, ಮೀನಖಂಡ ಹಿಡಿದುಕೊಳ್ಳುವುದು ಶುರುವಾಯಿತು. ಹಿಡಿತಕ್ಕೊಂದು ಮಾತ್ರೆ. ನಿದ್ದೆ ಕೆಟ್ಟಿತೆಂದು ನಿದ್ದೆಗೊಂದು. ಇಷ್ಟೆಲ್ಲ ನುಂಗಿದರೆ ಹೊಟ್ಟೆ ಉರಿಯುತ್ತದೆಂದು ಗ್ಯಾಸಿಗೊಂದು. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಬಚ್ಚಲಿಗೆ ಎದ್ದವರು ಜಾರಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಮಣಿಕಟ್ಟು ಉಳುಕಿತು.

ಮಗಳು ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಅವರನ್ನು ಹಳೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಇವುಗಳಲ್ಲಿ ಯಾವುದು ಮೊದಲು ಶುರುವಾಯಿತು? ಯಾವುದರ ನಂತರ ಯಾವುದು?" ಉತ್ತರ ಸಿಕ್ಕ ಮೇಲೆ ಬಿಪಿಯ ಮಾತ್ರೆಯನ್ನೇ ಬೇರೆ ಬಗೆಯದಕ್ಕೆ ಬದಲಾಯಿಸಿದರು. ಊತ ಇಳಿಯಿತು. ಉಳಿದವನ್ನು ಅವರೇ ಒಂದೊಂದಾಗಿ, ನೋಡಿಕೊಂಡು, ನಿಲ್ಲಿಸಿದರು.

ಇಲ್ಲಿ ಯಾವ ಡಾಕ್ಟರೂ ಬೇಕೆಂದು ತಪ್ಪು ಮಾಡಲಿಲ್ಲ. ಪ್ರತಿಯೊಬ್ಬರೂ ತಮ್ಮೆದುರು ಬಂದ ತೊಂದರೆಗೆ ಉತ್ತರ ಕೊಟ್ಟರು. ಇಡೀ ಸಾಲನ್ನು ಒಟ್ಟಿಗೆ ನೋಡಿದವರು ಯಾರೂ ಇರಲಿಲ್ಲ.

ವೈದ್ಯಲೋಕದಲ್ಲಿ ಇದಕ್ಕೆ 'ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್' ಎನ್ನುತ್ತಾರೆ. ಜಲಪಾತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಾಗೆ ಒಂದು ಔಷಧದಿಂದ ಇನ್ನೊಂದು, ಅದರಿಂದ ಮತ್ತೊಂದು. ಮೊದಲ ಔಷಧದ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಎಂದು ತಿಳಿದು ಅದಕ್ಕೆ ಹೊಸ ಔಷಧ ಬರೆಯುವುದೇ ಇದರ ಮೂಲ. 1990ರ ದಶಕದಲ್ಲಿ ವೈದ್ಯ ಸಂಶೋಧಕರಾದ ಪೌಲಾ ರೋಚನ್ ಮತ್ತು ಜೆರ್ರಿ ಗರ್ವಿಟ್ಜ್ ಇದನ್ನು ಹೆಸರಿಟ್ಟು ವಿವರಿಸಿದರು. ಸಾಮಾನ್ಯವಾಗಿ ಕಾಣುವ ಕೆಲವು ಸಾಲುಗಳು ಹೀಗಿವೆ:

- ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯಿಂದ ಕೆಲವರಿಗೆ ಪಾದ ಊದುತ್ತದೆ. ಅದಕ್ಕೆ ನೀರಿಳಿಸುವ ಮಾತ್ರೆ ಸೇರುತ್ತದೆ. ಈ ಬಗೆಯ ಊತಕ್ಕೆ ಆ ಮಾತ್ರೆಯಿಂದ ಹೆಚ್ಚು ಉಪಯೋಗವೂ ಇಲ್ಲ.
- ಎನಾಲಾಪ್ರಿಲ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಗಳಿಂದ ಕೆಲವರಿಗೆ ಬಿಡದ ಒಣಕೆಮ್ಮು ಬರುತ್ತದೆ. ಅದಕ್ಕೆ ಕೆಮ್ಮಿನ ಸಿರಪ್ ಸೇರುತ್ತದೆ.
- ಮಂಡಿನೋವಿಗೆ ದಿನವೂ ನುಂಗುವ ಕೆಲವು ನೋವಿನ ಮಾತ್ರೆಗಳಿಂದ ಬಿಪಿ ಏರಬಹುದು. ಅದಕ್ಕೆ ಬಿಪಿ ಮಾತ್ರೆ ಸೇರುತ್ತದೆ.
- ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಹೆಚ್ಚು ದಿನ ತೆಗೆದುಕೊಂಡ ಕೆಲವು ವಯಸ್ಸಾದವರಲ್ಲಿ ಪಾರ್ಕಿನ್ಸನ್‌ನಂತೆಯೇ ಕೈ ನಡುಕ, ಮೈ ಬಿಗಿತ ಕಾಣುತ್ತದೆ. ಅದಕ್ಕೆ ಪಾರ್ಕಿನ್ಸನ್ ಔಷಧ ಸೇರುತ್ತದೆ.

ಸಂಖ್ಯೆ ಬೆಳೆದ ಹಾಗೆ ಗೋಜಲು ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಎರಡು ಔಷಧ ಇದ್ದರೆ ಅವುಗಳ ನಡುವೆ ಒಂದೇ ಜೋಡಿ. ಐದು ಔಷಧ ಇದ್ದರೆ 10 ಜೋಡಿ. ಹತ್ತು ಔಷಧ ಇದ್ದರೆ 45 ಜೋಡಿ. ಎಲ್ಲ ಜೋಡಿಗಳೂ ಜಗಳವಾಡುವುದಿಲ್ಲ, ನಿಜ. ಆದರೆ ಡಾಕ್ಟರು ಗಮನಿಸಬೇಕಾದ ಜೋಡಿಗಳು ಔಷಧಗಳಿಗಿಂತ ಬಹಳ ವೇಗವಾಗಿ ಹೆಚ್ಚುತ್ತವೆ. ಐದು ಅಥವಾ ಹೆಚ್ಚು ಔಷಧಗಳನ್ನು ನಿತ್ಯ ತೆಗೆದುಕೊಳ್ಳುವವರ ಬಗ್ಗೆ ವೈದ್ಯರು ವಿಶೇಷವಾಗಿ ಎಚ್ಚರ ವಹಿಸುವುದು ಇದೇ ಕಾರಣಕ್ಕೆ.

ಇಲ್ಲಿ ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಬರೆದಿದೆ ಎಂದುಕೊಂಡು ಓದಿ: ಈ ಲೇಖನ ನೋಡಿ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಬಿಪಿ, ಹೃದಯ, ಫಿಟ್ಸ್, ಸ್ಟಿರಾಯ್ಡ್, ರಕ್ತ ತೆಳುಮಾಡುವ ಔಷಧಗಳನ್ನು ಇದ್ದಕ್ಕಿದ್ದಂತೆ ಬಿಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು. ಪಾದ ಊದಿದ್ದಕ್ಕೆಲ್ಲ ಮಾತ್ರೆಯೇ ಕಾರಣವೂ ಅಲ್ಲ. ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಯಿಂದಲೂ ಊತ ಬರುತ್ತದೆ. "ಇಂಗ್ಲಿಷ್ ಮಾತ್ರೆ ಬಿಡಿ, ಈ ಕಷಾಯ ಕುಡಿಯಿರಿ" ಎನ್ನುವ ಫಾರ್ವರ್ಡ್‌ಗಳಿಗೂ ನಾವು ಹೇಳುತ್ತಿರುವುದಕ್ಕೂ ಸಂಬಂಧವಿಲ್ಲ. ಯಾವುದನ್ನು ತೆಗೆಯಬಹುದು ಎಂದು ಕೇಳುವುದು ನಮ್ಮ ಕೆಲಸ. ತೆಗೆಯುವುದು ಡಾಕ್ಟರ ಕೆಲಸ.

"ಮನೆಮದ್ದು ತಾನೆ, ಏನಾಗುತ್ತದೆ?"

ಡಾಕ್ಟರು ಬರೆದ ಪಟ್ಟಿ ಡಾಕ್ಟರಿಗಾದರೂ ಗೊತ್ತಿರುತ್ತದೆ. ಫಾರ್ವರ್ಡ್ ನೋಡಿ ನಾವೇ ಸೇರಿಸಿಕೊಂಡದ್ದು ಯಾರ ಚೀಟಿಯಲ್ಲೂ ಇರುವುದಿಲ್ಲ. "ಬೇರೆ ಏನಾದರೂ ತಗೋತೀರಾ?" ಎಂದು ಕೇಳಿದಾಗ ಕಷಾಯ, ಚೂರ್ಣ, ಆನ್‌ಲೈನ್‌ನಲ್ಲಿ ತರಿಸಿದ ಕ್ಯಾಲ್ಸಿಯಂ ಯಾವುದೂ ನೆನಪಿಗೆ ಬರುವುದಿಲ್ಲ. ಅವು ಔಷಧ ಎಂದು ನಮಗೆ ಅನ್ನಿಸುವುದೇ ಇಲ್ಲ.

ಥೈರಾಯ್ಡ್ ಮಾತ್ರೆಯ ಉದಾಹರಣೆ ತೆಗೆದುಕೊಳ್ಳಿ. ನಿಜವಾಗಿ ಖಾಲಿ ಹೊಟ್ಟೆ ಬೇಕಾಗಿರುವುದು ಇದಕ್ಕೆ. ಇದನ್ನು ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ತಿಂಡಿ, ಕಾಫಿ ಮುಟ್ಟಬಾರದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಇಲ್ಲದಿದ್ದರೆ ಔಷಧ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಬೆಳಗಿನ ಹೊತ್ತಿಗೆ ಒಂದೊಂದೇ ಕುಡಿಯುವ, ತಿನ್ನುವ ವಸ್ತು ಸೇರುತ್ತಾ ಹೋದರೆ ಈ ಅಂತರ ಸದ್ದಿಲ್ಲದೆ ಮಾಯವಾಗುತ್ತದೆ. ಮುಂದಿನ ರಕ್ತಪರೀಕ್ಷೆಯಲ್ಲಿ ಅಂಕಿ ಏರುಪೇರಾಗುತ್ತದೆ. ಮಾತ್ರೆ ಸಾಲುತ್ತಿಲ್ಲವೆಂದು ಡೋಸ್ ಹೆಚ್ಚಾಗುತ್ತದೆ. ಇಲ್ಲೂ ಅದೇ ಸರಪಳಿ.

ಅಮೃತಬಳ್ಳಿಯದು ಇನ್ನೊಂದು ಕಥೆ. ಕೋವಿಡ್ ಕಾಲದಲ್ಲಿ ಅದರ ಕಷಾಯ ಮನೆಮನೆಗೆ ಬಂತು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಸೇವಿಸಿದ್ದ ಕೆಲವು ರೋಗಿಗಳಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಗಿಡವನ್ನು ಸರಿಯಾಗಿ ಗುರುತಿಸಿಲ್ಲ ಎಂದು ಆಕ್ಷೇಪಿಸಿತು. ಮರುವರ್ಷ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ ಇಂಥ 43 ರೋಗಿಗಳ ವಿವರ ಪ್ರಕಟಿಸಿದರು. ಕುಡಿದವರಿಗೆಲ್ಲ ಹೀಗಾಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ತಿಂಗಳುಗಟ್ಟಲೆ ಏನನ್ನಾದರೂ ಕುಡಿಯುವಾಗ ಅದನ್ನು ಡಾಕ್ಟರಿಗೆ ಹೇಳಬೇಕು. ಅದರಲ್ಲೂ ಯಕೃತ್ತಿನ ತೊಂದರೆ ಇರುವವರು ಕುಡಿಯುವ ಮೊದಲೇ ಕೇಳಬೇಕು.

ಜೇನು ಬೆರೆಸಿದ ಬಿಸಿನೀರು? ಅದು ಕೊಬ್ಬನ್ನು ಕರಗಿಸುವುದಿಲ್ಲ. ಜೇನು ಎಂದರೆ ಬಹುಪಾಲು ಸಕ್ಕರೆಯೇ. ಮಧುಮೇಹ ಇರುವವರು ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಇಷ್ಟವಿದ್ದರೆ ಕುಡಿಯಿರಿ, ಬಿಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ.

ಕೆಲಸದಲ್ಲೂ ಇದೇ ಕಥೆ: ಹವಾಯಿಯ ಆಸ್ಪತ್ರೆಗಳು

ಕೆಲಸದ ಜಾಗದಲ್ಲಿ ಸೇರ್ಪಡೆ ಇನ್ನೊಂದು ರೂಪದಲ್ಲಿ ಬರುತ್ತದೆ. ಒಂದು ಕಾಲಂ, ಒಂದು ಸಹಿ, ಒಂದು ಗೂಗಲ್ ಫಾರ್ಮ್, ಒಂದು ಫೋಟೊ. ಎಲ್ಲೋ ಒಮ್ಮೆ ತಪ್ಪಾಗಿರುತ್ತದೆ. ಮತ್ತೆ ಆಗದಿರಲೆಂದು ಒಂದು ಹೊಸ ಹಂತ ಸೇರುತ್ತದೆ. ತಪ್ಪು ಮರೆತುಹೋಗುತ್ತದೆ, ಹಂತ ಉಳಿಯುತ್ತದೆ.

ಅಮೆರಿಕದ ಹವಾಯಿ ದ್ವೀಪಗಳಲ್ಲಿ ನಾಲ್ಕು ಆಸ್ಪತ್ರೆಗಳನ್ನು ನಡೆಸುವ ಹವಾಯಿ ಪೆಸಿಫಿಕ್ ಹೆಲ್ತ್ ಸಂಸ್ಥೆ 2017ರಲ್ಲಿ ಒಂದು ವಿಚಿತ್ರ ಹೆಸರಿನ ಕಾರ್ಯಕ್ರಮ ಶುರುಮಾಡಿತು. ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಪೆದ್ದು ಕೆಲಸಗಳನ್ನು ಕಿತ್ತುಹಾಕೋಣ' ಎನ್ನಬಹುದು. ಕಂಪ್ಯೂಟರಿನ ರೋಗಿ ದಾಖಲೆಯಲ್ಲಿ ಅನಾವಶ್ಯಕ ಅನ್ನಿಸಿದ್ದು ಏನೇ ಇದ್ದರೂ ಹೇಳಿ ಎಂದು ನರ್ಸು, ಡಾಕ್ಟರು, ಎಲ್ಲ ಸಿಬ್ಬಂದಿಯನ್ನೂ ಕೇಳಿದರು. ಕಾರ್ಯಕ್ರಮ ನಡೆಸಿದ ಡಾ. ಮೆಲಿಂಡಾ ಆಶ್ಟನ್ 2018ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಅದರ ಅನುಭವ ಬರೆದಿದ್ದಾರೆ.

ಒಂದು ಉದಾಹರಣೆ. ನರ್ಸುಗಳು ಗಂಟೆಗೊಮ್ಮೆ ರೋಗಿಯನ್ನು ನೋಡಿ ಬರಬೇಕು. ಇದು ಒಳ್ಳೆಯ ಪದ್ಧತಿ. ಆದರೆ ನೋಡಿ ಬಂದೆ ಎಂದು ಪ್ರತಿ ಸಲ ಕಂಪ್ಯೂಟರಿನಲ್ಲಿ ಗುರುತು ಹಾಕಬೇಕಿತ್ತು. ಅದಕ್ಕೆ ಹಿಡಿಯುತ್ತಿದ್ದದ್ದು ಸುಮಾರು 24 ಸೆಕೆಂಡ್. ನಾಲ್ಕು ಆಸ್ಪತ್ರೆಗಳನ್ನು ಸೇರಿಸಿ ಲೆಕ್ಕ ಹಾಕಿದಾಗ ತಿಂಗಳಿಗೆ ಸುಮಾರು 1,700 ಗಂಟೆ ಆ ಗುರುತಿಗೇ ಹೋಗುತ್ತಿತ್ತು! ಗುರುತು ಹಾಕುವುದನ್ನು ಕೈಬಿಟ್ಟರು. ರೋಗಿಯನ್ನು ನೋಡಿ ಬರುವುದು ಹಾಗೆಯೇ ಉಳಿಯಿತು.

ಇಲ್ಲಿ ಗಮನಿಸಬೇಕಾದ್ದು ಅದೇ. ಅವರು ಕೆಲಸವನ್ನು ತೆಗೆಯಲಿಲ್ಲ, ಕೆಲಸ ಮಾಡಿದೆ ಎಂದು ತೋರಿಸುವ ಕೆಲಸವನ್ನು ತೆಗೆದರು. ಬಹಳಷ್ಟು ಕಚೇರಿಗಳಲ್ಲಿ ಈ ಎರಡೂ ಕಲಸಿಹೋಗಿರುತ್ತವೆ. ನಮ್ಮಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೆ ಮೊದಲಿನಿಂದಲೂ ಹಲವಾರು ರಿಜಿಸ್ಟರ್‌ಗಳಿದ್ದವು. 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. ಆ್ಯಪ್ ಬಂದ ಮೇಲೆ ಪುಸ್ತಕ ಹೋದರೆ ಕೆಲಸ ಹಗುರವಾಗುತ್ತದೆ. ಎಲ್ಲಿ ಎರಡನ್ನೂ ತುಂಬಿಸುತ್ತಾರೋ ಅಲ್ಲಿ ಮಗುವಿನ ಒಂದೇ ತೂಕವನ್ನು ಎರಡು ಸಲ ಬರೆಯುವುದಾಗುತ್ತದೆ. ಹಾಗೆ ಬರೆಯುವ ಹೊತ್ತು ಆ ಮಗುವಿನ ಜೊತೆ ಕಳೆಯಬೇಕಾದ ಹೊತ್ತು.

ಹಾಗಾದರೆ ಎಲ್ಲ ಹೊಸ ಹಂತವೂ ಕೆಟ್ಟದ್ದೇ?

ಖಂಡಿತ ಅಲ್ಲ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆ 19 ಅಂಶಗಳ ಒಂದು ಪಟ್ಟಿ ತಂದಿತು. ರೋಗಿ ಯಾರು, ಯಾವ ಭಾಗಕ್ಕೆ ಆಪರೇಷನ್, ಅಲರ್ಜಿ ಇದೆಯೇ, ಸೂಜಿ ಮತ್ತು ಬಟ್ಟೆಯ ಲೆಕ್ಕ ಸರಿಯಿದೆಯೇ ಎಂಬಂಥ ಪ್ರಶ್ನೆಗಳನ್ನು ಇಡೀ ತಂಡ ಗಟ್ಟಿಯಾಗಿ ಹೇಳಿ ಖಚಿತಪಡಿಸಿಕೊಳ್ಳಬೇಕು. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಜಾರಿಗೆ ತಂದು ನೋಡಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿದಿತ್ತು. ಕೆಲವು ನಿಮಿಷಗಳ ಒಂದು ಹೊಸ ಹಂತದಿಂದ ಜೀವ ಉಳಿಯಿತು.

ಆದರೆ ಕೆನಡಾದ ಆಂಟೇರಿಯೊ ಪ್ರಾಂತ್ಯದ 101 ಆಸ್ಪತ್ರೆಗಳಲ್ಲಿ ಇಂಥ ಪಟ್ಟಿ ಜಾರಿಯಾದ ಮೇಲೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ ಎಂದು 2014ರ ಅಧ್ಯಯನ ಹೇಳಿತು. ಯಾಕೆ ಹೀಗಾಯಿತು ಎಂಬ ಚರ್ಚೆಯಲ್ಲಿ ಹಲವರು ಬೊಟ್ಟು ಮಾಡಿದ್ದು ಒಂದು ಕಡೆಗೆ: ಪಟ್ಟಿಯನ್ನು ಮನಸ್ಸಿಟ್ಟು ಬಳಸುವುದು ಬೇರೆ, ಟಿಕ್ ಹಾಕಿ ಮುಗಿಸುವುದು ಬೇರೆ.

ಒಳ್ಳೆಯ ಅಡ್ಡಿಗೆ ನಿಮ್ಮ ಫೋನಿನಲ್ಲೇ ಇನ್ನೊಂದು ಉದಾಹರಣೆ ಇದೆ. ಸುಳ್ಳು ಸಂದೇಶಗಳ ಹಾವಳಿಯ ನಂತರ 2018ರಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವಂತೆ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ತುಂಬಾ ಸಲ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸುವಂತೆ ಮಾಡಿತು. ಅದರಿಂದ ಅಂಥ ಸಂದೇಶಗಳ ಓಡಾಟ ಶೇಕಡಾ 70ರಷ್ಟು ಇಳಿಯಿತು ಎಂದು ಕಂಪನಿಯೇ ಹೇಳಿತು. ಎರಡು ಮೂರು ಸಲ ಹೆಚ್ಚಿಗೆ ಬೆರಳು ಒತ್ತಬೇಕಾದದ್ದೇ ಇಷ್ಟು ಕೆಲಸ ಮಾಡಿತು.

ಹಾಗಾಗಿ ಹಂತ ಹೊಸದೋ ಹಳೆಯದೋ ಎಂಬುದು ಮುಖ್ಯವಲ್ಲ. ಅದು ಯಾವ ಅಪಾಯವನ್ನು ತಪ್ಪಿಸುತ್ತಿದೆ ಎಂದು ಕೇಳಿದಾಗ ಸ್ಪಷ್ಟ ಉತ್ತರ ಬರಬೇಕು. ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯುವುದಕ್ಕೆ ಉತ್ತರವಿದೆ. ಹೆಲ್ಮೆಟ್ಟಿಗೆ ಉತ್ತರವಿದೆ. "ಮೊದಲಿನಿಂದಲೂ ಹೀಗೇ ಬಂದಿದೆ" ಎಂಬುದು ಉತ್ತರವಲ್ಲ.

"21 ದಿನ ಮಾಡಿದರೆ ಅಭ್ಯಾಸವಾಗುತ್ತದೆ" ನಿಜವೇ?

ಇಷ್ಟೊಂದನ್ನು ಹೇಗೆ ನಿಭಾಯಿಸುವುದು ಎಂದು ಕೇಳಿದರೆ "21 ದಿನ ಬಿಡದೆ ಮಾಡಿ, ಆಮೇಲೆ ತಾನಾಗಿ ಬರುತ್ತದೆ" ಎನ್ನುವ ಸಂದೇಶವೂ ಓಡಾಡುತ್ತಿದೆ. ಈ 21ರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಒಂದು ಪುಸ್ತಕ. ಸರ್ಜರಿ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಸುಮಾರು 21 ದಿನ ಬೇಕು ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುವಾಗ 'ಕನಿಷ್ಠ' ಉದುರಿಹೋಯಿತು, 'ಮುಖ' ಹೋಗಿ 'ಅಭ್ಯಾಸ' ಬಂತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಪ್ರತಿಯೊಬ್ಬರೂ ಒಂದೇ ಒಂದು ಹೊಸ ಅಭ್ಯಾಸ ಆರಿಸಿಕೊಂಡಿದ್ದರು. ಅದು ತಾನಾಗಿ ನಡೆಯುವಂತಾಗಲು ಅವರ ಲೆಕ್ಕದಲ್ಲಿ 18ರಿಂದ 254 ದಿನ ಬೇಕು, ನಡುವಿನ ಅಂಕಿ 66. ಒಂದು ಲೋಟ ನೀರು ಕುಡಿಯುವಂಥ ಸುಲಭದ್ದು ಬೇಗ ರೂಢಿಯಾಯಿತು, ವ್ಯಾಯಾಮ ತಡವಾಯಿತು. ಸಮಾಧಾನದ ವಿಷಯವೆಂದರೆ, ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ. ಒಂದು ಅಭ್ಯಾಸಕ್ಕೇ ಎರಡು ತಿಂಗಳು ಬೇಕಾದರೆ ಒಂಬತ್ತನ್ನು ಒಂದೇ ಸೋಮವಾರ ಶುರುಮಾಡಿ, ಗುರುವಾರ ಎಲ್ಲವನ್ನೂ ಬಿಟ್ಟು, "ನನ್ನ ಕೈಲಿ ಏನೂ ಆಗುವುದಿಲ್ಲ" ಎಂದು ನೊಂದುಕೊಳ್ಳುವುದರಲ್ಲಿ ತಪ್ಪು ನಿಮ್ಮದಲ್ಲ. ಆ ಪಟ್ಟಿಯದು.

ಇನ್ನು 10,000 ಹೆಜ್ಜೆ. ಈ ಅಂಕಿ 1965ರ ಸುಮಾರಿಗೆ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂತು. ವಯಸ್ಸಾದ ಸುಮಾರು 17,000 ಅಮೆರಿಕನ್ ಮಹಿಳೆಯರ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ 4,400 ಹೆಜ್ಜೆ ನಡೆದವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು. ಸುಮಾರು 7,500ರ ನಂತರ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ನಡಿಗೆ ಒಳ್ಳೆಯದೇ. ಆದರೆ 10,000 ಆಗಲಿಲ್ಲವೆಂದು ರಾತ್ರಿ ಹತ್ತಕ್ಕೆ ಹಾಲಿನಲ್ಲಿ ಸುತ್ತು ಹಾಕುವ ಅಗತ್ಯವಿಲ್ಲ.

ಈಗ ಏನು ಮಾಡಬಹುದು?

ಇದಕ್ಕೂ ಹತ್ತು ಹಂತಗಳ ಪಟ್ಟಿ ಕೊಟ್ಟರೆ ನಮಗೇ ನಗು ಬರುತ್ತದೆ. ನಾಲ್ಕೇ ಮಾತು ಹೇಳುತ್ತೇವೆ.

ಮೊದಲನೆಯದು, ಮಾತ್ರೆಯ ಚೀಲ. ಮನೆಯ ಹಿರಿಯರು ತೆಗೆದುಕೊಳ್ಳುವ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ: ಮಾತ್ರೆ, ಸಿರಪ್, ಕಣ್ಣಿನ ಡ್ರಾಪ್ಸ್, ವಿಟಮಿನ್, ಚೂರ್ಣ, ಕಷಾಯದ ಪುಡಿ. ಯಾವುದು ಯಾವಾಗ ಶುರುವಾಯಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಚೀಲ ಮೇಜಿನ ಮೇಲಿಟ್ಟು ಕೇಳಿ: "ಡಾಕ್ಟ್ರೇ, ಇದರಲ್ಲಿ ಈಗ ಬೇಡವಾದದ್ದು ಯಾವುದಾದರೂ ಇದೆಯೇ?" ಹೊಸ ತೊಂದರೆ ಕಾಣಿಸಿಕೊಂಡಾಗ, "ಇದು ಈಗ ತಗೊಳ್ತಿರೋ ಮಾತ್ರೆಯಿಂದಲೇ ಬಂದಿರಬಹುದೇ?" ಎಂದು ಕೇಳಿ. ಕೇಳುವುದರಲ್ಲಿ ಅಗೌರವವೇನೂ ಇಲ್ಲ.

ಎರಡನೆಯದು, ಒಂದು ಬಂದರೆ ಒಂದು ಹೋಗಲಿ. ಹೊಸ ಅಭ್ಯಾಸ ಸೇರಿಸುವ ಮೊದಲು ಯಾವುದನ್ನು ಬಿಡುತ್ತೇನೆ ಎಂದು ನಿರ್ಧರಿಸಿ. ಬಿಡುವುದಕ್ಕೆ ಏನೂ ಸಿಗದಿದ್ದರೆ ಹೊಸದಕ್ಕೆ ಜಾಗವಿಲ್ಲ ಎಂದೇ ಅರ್ಥ.

ಮೂರನೆಯದು, ಕೆಲಸದ ಜಾಗದಲ್ಲಿ ವರ್ಷಕ್ಕೊಮ್ಮೆ ಧೂಳು ಕೊಡವುವ ದಿನ. ಆಯುಧ ಪೂಜೆಗೆ ಕಚೇರಿ ತೊಳೆದು ಒರೆಸುತ್ತೇವಲ್ಲ, ಅದೇ ದಿನ ಫಾರ್ಮು, ರಿಜಿಸ್ಟರುಗಳನ್ನೂ ಒಮ್ಮೆ ನೋಡಬಹುದು. "ಇದನ್ನು ಕೊನೆಯ ಸಲ ತೆರೆದು ಓದಿದವರು ಯಾರು?" ಎಂದು ಕೇಳಿ. ಯಾರೂ ಓದದ್ದನ್ನು ಬರೆಯುವುದು ಯಾಕೆ?

ನಾಲ್ಕನೆಯದು, ಫಾರ್ವರ್ಡ್ ಮಾಡುವ ಮೊದಲು. ನೀವು ಕಳಿಸುವ "ಒಂದೇ ಚಮಚ" ಇನ್ನೊಬ್ಬರ ಬೆಳಗಿನ ಪಟ್ಟಿಯಲ್ಲಿ ಹತ್ತನೆಯದಾಗಬಹುದು. ಅವರ ಮಾತ್ರೆಗಳ ಜೊತೆ ಅದು ಹೊಂದುತ್ತದೆಯೇ ಎಂಬುದು ನಿಮಗೂ ಗೊತ್ತಿಲ್ಲ, ಆ ಸಂದೇಶ ಬರೆದವರಿಗೂ ಗೊತ್ತಿಲ್ಲ.

ಸಂಕ್ಷಿಪ್ತವಾಗಿ

- ಹೊಸದನ್ನು ಸೇರಿಸುವುದು ನಮಗೆ ಸಹಜವಾಗಿ ಹೊಳೆಯುತ್ತದೆ. ಇರುವುದನ್ನು ತೆಗೆಯುವುದನ್ನು ನೆನಪಿಸಿಕೊಳ್ಳಬೇಕಾಗುತ್ತದೆ.
- ಒಂದು ಮಾತ್ರೆಯ ಅಡ್ಡಪರಿಣಾಮಕ್ಕೆ ಇನ್ನೊಂದು ಮಾತ್ರೆ ಸೇರಿ ಸರಪಳಿಯಾಗಬಹುದು. ಡಾಕ್ಟರನ್ನು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ.
- ಕಷಾಯ, ಚೂರ್ಣ, ವಿಟಮಿನ್‌ಗಳ ವಿಷಯವನ್ನೂ ಡಾಕ್ಟರಿಗೆ ಹೇಳಿ.
- ಅಪಾಯ ತಪ್ಪಿಸುವ ಹಂತ ಇರಲಿ. ಕಾರಣ ಮರೆತುಹೋದ ಹಂತವನ್ನು ಪ್ರಶ್ನಿಸಿ.
- 21 ದಿನ, 10,000 ಹೆಜ್ಜೆ ಯಾವುದೂ ಪವಿತ್ರ ಸಂಖ್ಯೆಯಲ್ಲ. ಒಮ್ಮೆಗೆ ಒಂದೇ ಅಭ್ಯಾಸ ಸಾಕು.

ಈ ಲೇಖನವನ್ನು ಅಪ್ಪ ಅಮ್ಮನಿಗೋ, ಕಚೇರಿಯ ಗ್ರೂಪಿಗೋ ಕಳಿಸುವುದಾದರೆ ನಮಗೆ ಸಂತೋಷ. ಆದರೆ ನಮ್ಮ ಮಾತಿಗೆ ನಾವೇ ಬದ್ಧರಾಗಬೇಕಲ್ಲ? ಇದನ್ನು ಕಳಿಸುವ ಮೊದಲು "ಖಾಲಿ ಹೊಟ್ಟೆಯಲ್ಲಿ" ಎಂದು ಶುರುವಾಗುವ ಒಂದು ಹಳೆಯ ಸಂದೇಶವನ್ನು ಅಳಿಸಿಬಿಡಿ.